ಮನೆಯೊಳಗೆ ಜಿಪಿಎಸ್ ಸಿಗದಾಗ ನಾನು ಮಾಡಿದ್ದು

ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ಸರ್ವೆ. ಫೋನಿನಲ್ಲಿ ಸರ್ವೆ ಫಾರಂ ತುಂಬುವ ಓಡಿಕೆ ಕಲೆಕ್ಟ್ ಆ್ಯಪ್ ಹಾಕಿಕೊಂಡಿದ್ದೆವು. ನೆಟ್‌ವರ್ಕ್ ಇಲ್ಲದಿದ್ದರೂ ಫಾರಂ ತುಂಬಬಹುದು, ಸಂಜೆ ಸಿಗ್ನಲ್ ಇರುವಲ್ಲಿ ಕಳಿಸಿದರಾಯಿತು. ಆದರೆ ಮೊದಲ ದಿನವೇ ಲೊಕೇಶನ್ ಪ್ರಶ್ನೆಯಲ್ಲಿ ಸಿಕ್ಕಿಬಿದ್ದೆವು.

ಶಹಾಬಾದ್ ಕಲ್ಲಿನ ಚಾವಣಿಯ ಕೆಳಗೆ ಕೂತು ಕಾದಿದ್ದೇ ಕಾದಿದ್ದು. ಫೋನ್ ತೋರಿಸುವ ಲೊಕೇಶನ್ ಎಷ್ಟು ಮೀಟರ್ ಆಚೀಚೆ ಇರಬಹುದು ಎಂಬ ಅಂಕಿ ಇಳಿಯಲೇ ಇಲ್ಲ: 38 ಮೀಟರ್, 24, ಮತ್ತೆ 41. ಮನೆಯ ಅಜ್ಜಿ ಕೇಳಿಯೇಬಿಟ್ಟರು: "ಯಪ್ಪಾ, ಅಷ್ಟೊತ್ತಿನಿಂದ ಅದ್ರಾಗ ಏನ್ ನೋಡ್ಲಿಕತ್ತಿದಿ?"

ಫೋನ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಎರಡು ಸಲ ರೀಸ್ಟಾರ್ಟ್ ಮಾಡಿದೆ. ತಪ್ಪು ಅಲ್ಲಿರಲಿಲ್ಲ. ನಿಖರತೆ 5 ಮೀಟರ್‌ಗೆ ಬಂದರೆ ಮಾತ್ರ ಆ್ಯಪ್ ತಾನಾಗಿ ಲೊಕೇಶನ್ ಉಳಿಸುತ್ತದೆ. ಕಲ್ಲಿನ ಕೆಳಗೆ ಅದೆಲ್ಲಿ ಬರಬೇಕು? ಜಿಪಿಎಸ್‌ಗೆ ಇಂಟರ್‌ನೆಟ್ ಬೇಕಿಲ್ಲ, ನಿಜ. ಆದರೆ ಅದಿಲ್ಲದಿದ್ದರೆ ಉಪಗ್ರಹದ ಪಥದ ವಿವರವನ್ನು ಉಪಗ್ರಹದಿಂದಲೇ ಪಡೆಯಬೇಕು. ಅದು ಬರುವುದು 30 ಸೆಕೆಂಡಿಗೊಮ್ಮೆ. ನಡುವೆ ಕಡಿದರೆ ಮತ್ತೆ ಕಾಯಬೇಕು.

ರಾತ್ರಿ ಫಾರಂನ ಎಕ್ಸೆಲ್ ಶೀಟ್ ತೆರೆದೆ. ಲೊಕೇಶನ್ ತಾನಾಗಿ ಉಳಿಯುವ ಮಿತಿಯನ್ನು, ಅಂದರೆ ಕ್ಯಾಪ್ಚರ್-ಅಕ್ಯುರಸಿ ಅನ್ನು, 12 ಮೀಟರ್ ಮಾಡಿದೆ. ಯಾವ ಮನೆ ಎಂದು ಗುರುತಿಸಲು ನಮಗೆ ಅಷ್ಟು ಸಾಕಿತ್ತು. ಹೊಲದ ಗಡಿ ಅಳೆಯುವವರು ಹೀಗೆ ಮಾಡಬೇಡಿ. ಲೊಕೇಶನ್ ಪ್ರಶ್ನೆಯನ್ನು ಕೊನೆಗೆ ತಳ್ಳಿದೆ. ಮಾತು ಮುಗಿಸಿ, ಚಹಾ ಕುಡಿದು, ಅಂಗಳಕ್ಕೆ ಬಂದು ಒತ್ತಿದರಾಯಿತು. ಫಾರಂನ ವರ್ಷನ್ ನಂಬರ್ ಏರಿಸುವುದು ಮರೆತಿದ್ದಕ್ಕೆ ಸರ್ವರ್ ಒಮ್ಮೆ ಹೊಸ ಫಾರಂ ಒಪ್ಪಲಿಲ್ಲ, ಅದು ಬೇರೆ ಕತೆ. ಬೆಳಿಗ್ಗೆ ಹೊರಡುವ ಮೊದಲೇ ಎಲ್ಲರ ಫೋನಿಗೂ ಹೊಸ ಫಾರಂ ಇಳಿಸಿದೆವು.

ಮರುದಿನ ಅಂಗಳದಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾಗಿದ್ದು ಒಂದೇ ಮನೆಯಲ್ಲಿ. ಅಲ್ಲಿ ದೊಡ್ಡ ಬೇವಿನ ಮರವಿತ್ತು.