ಕೆರೆ ಬೋಟಿನಲ್ಲೂ ಕಿಲ್ ಸ್ವಿಚ್ ದಾರ: ನಾನು ಕಟ್ಟಿಕೊಳ್ಳುವ ರೀತಿ

ಬೋಟಿನ ಹಿಂಭಾಗಕ್ಕೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್ ಎಂಜಿನ್ನಿನ ಜೊತೆ ಒಂದು ಕೆಂಪು ಸುರುಳಿ ದಾರ ಬರುತ್ತದೆ. ಅದರ ಒಂದು ತುದಿಯ ಕ್ಲಿಪ್ ಎಂಜಿನ್ನಿನ ಕಿಲ್ ಸ್ವಿಚ್ಚಿಗೆ, ಇನ್ನೊಂದು ತುದಿಯ ಕೊಕ್ಕೆ ಚಾಲಕನ ಮೈಗೆ. ಚಾಲಕ ಬಿದ್ದರೆ ಕ್ಲಿಪ್ ಕಳಚಿ ಎಂಜಿನ್ ನಿಲ್ಲಬೇಕು. ಈ ದಾರವನ್ನು ಹ್ಯಾಂಡಲ್ಲಿಗೇ ಸುತ್ತಿ ಬಿಡುವವರು ಬಹಳ. ‘ಇದೇನು ಸಮುದ್ರವಾ, ಇಲ್ಲಿ ಯಾರು ಬೀಳ್ತಾರೆ?’ ಎನ್ನುತ್ತಾರೆ. ಕೋಲಾರದ ಕಡೆಯ ಕೆರೆಗಳಲ್ಲಿ ಬೀಳಿಸುವುದು ಜಾಲಿ ಬೊಡ್ಡೆ. ವರ್ಷಗಟ್ಟಲೆ ಒಣಗಿದ್ದ ಕೆರೆಯಂಗಳಗಳಲ್ಲಿ ಜಾಲಿ ಕಾಡಿನಂತೆ ಬೆಳೆದಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆ ತುಂಬಿತು. ಕಡಿಯದೆ ಉಳಿದ ಬೊಡ್ಡೆಗಳು ಈಗ ನೀರಿನಡಿ ಕಾಣುವುದಿಲ್ಲ. ಎಂಜಿನ್ನಿನ ಕಾಲು ಒಂದಕ್ಕೆ ಬಡಿದರೆ ಬೋಟ್ ಗಕ್ಕನೆ ನಿಲ್ಲುತ್ತದೆ. ರಬ್ಬರ್ ಬೋಟಿನ ಅಂಚಿನಲ್ಲಿ ಕೂತ ಚಾಲಕ ನೀರಿಗೆ ಹೋಗುತ್ತಾನೆ.

ಆಮೇಲಿನದೇ ನಿಜವಾದ ಅಪಾಯ. ಕೈ ಬಿಟ್ಟ ಹ್ಯಾಂಡಲ್ ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ, ಬೋಟ್ ವೃತ್ತ ಹೊಡೆದು ಬಿದ್ದವನ ಮೇಲೆಯೇ ಬರುತ್ತದೆ. ಎಂಜಿನ್ ನಿಮಿಷಕ್ಕೆ 5000 ಸುತ್ತಿನಲ್ಲಿದ್ದು ಗೇರ್ 2:1 ಇದ್ದರೆ ಪ್ರೊಪೆಲ್ಲರ್ ಸೆಕೆಂಡಿಗೆ 40 ಸುತ್ತಿಗೂ ಹೆಚ್ಚು ತಿರುಗುತ್ತಿರುತ್ತದೆ. ಥ್ರಾಟಲ್ ಬಿಗಿ ಮಾಡುವ ಸ್ಕ್ರೂ ಇದ್ದರೆ, ಕೈ ಬಿಟ್ಟಾಗಲೂ ವೇಗ ಹಾಗೇ ಉಳಿಯದಿರಲಿ ಎಂದು ನಾನು ಅದನ್ನು ಸಡಿಲವಾಗಿಯೇ ಇಡುತ್ತೇನೆ.

ದಾರದ ಕೊಕ್ಕೆಯನ್ನು ಮೊಣಕಾಲಿನ ಮೇಲೆ, ತೊಡೆಗೆ ಒಂದು ಸುತ್ತು ಹಾಕಿ ಅದೇ ದಾರಕ್ಕೆ ಸಿಕ್ಕಿಸುತ್ತೇನೆ. ಇಲ್ಲವೆಂದರೆ ಲೈಫ್ ಜಾಕೆಟ್ಟಿನ ಲೋಹದ ಬಳೆಗೆ. ಮಣಿಕಟ್ಟು ನನಗೆ ಒಗ್ಗದು: ಒದ್ದೆ ಕೈಯಿಂದ ಜಾರುತ್ತದೆ, ಸ್ಟೀರಿಂಗ್ ಇರುವ ಬೋಟಿನಲ್ಲಿ ಚಕ್ರಕ್ಕೋ ಗೇರ್ ಲಿವರಿಗೋ ಸಿಕ್ಕಿಕೊಳ್ಳುತ್ತದೆ. ಅಂಗಿ ಗುಂಡಿ, ಜೇಬು, ಬೆಲ್ಟಿನ ಲೂಪ್ ಬೇಡವೇ ಬೇಡ. ಕ್ಲಿಪ್ ಕಳಚುವ ಮೊದಲು ಬಟ್ಟೆ ಹರಿಯುತ್ತದೆ. ದಾರ ಸಾಲದೆಂದು ಹಗ್ಗ ಸೇರಿಸಿ ಉದ್ದ ಮಾಡಿದರೆ ಚಾಲಕ ನೀರಿಗೆ ಬಿದ್ದ ಮೇಲೂ ಎಂಜಿನ್ ಓಡುತ್ತಿರುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಸಾಮಾನ್ಯ ಔಟ್‌ಬೋರ್ಡ್‌ಗಳಲ್ಲಿ ಕ್ಲಿಪ್ ಕಳಚಿದಾಗ ಸ್ವಿಚ್ ಇಗ್ನಿಷನ್ನನ್ನು ಅರ್ಥ್‌ಗೆ ಸೇರಿಸುತ್ತದೆ, ಕಿಡಿ ನಿಲ್ಲುತ್ತದೆ. ಹಾಗಾಗಿ ಆ ವೈರ್ ತುಂಡಾದರೂ, ತುದಿಗೆ ಕಿಲುಬು ಹಿಡಿದರೂ ಎಂಜಿನ್ ಏನೂ ಆಗದಂತೆ ಓಡುತ್ತದೆ. ದಾರ ಎಳೆದಾಗ ಮಾತ್ರ ನಿಲ್ಲುವುದಿಲ್ಲ. ಇದು ಕಣ್ಣಿಗೆ ಕಾಣುವ ದೋಷವಲ್ಲ. ಆದ್ದರಿಂದ ದಡ ಬಿಡುವ ಮೊದಲು ಪ್ರತಿ ಸಲ ನ್ಯೂಟ್ರಲ್‌ನಲ್ಲಿ, ಐಡಲ್‌ನಲ್ಲಿ ದಾರ ಎಳೆದು ನೋಡುತ್ತೇನೆ. ತಕ್ಷಣ ನಿಲ್ಲದಿದ್ದರೆ ಬೋಟ್ ಹೊರಡುವುದಿಲ್ಲ. ವೇಗದಲ್ಲಿ ಈ ಪರೀಕ್ಷೆ ಮಾಡಬಾರದು: ಬೋಟ್ ಥಟ್ಟನೆ ನಿಧಾನವಾಗಿ, ಹಿಂದೆ ಎದ್ದ ಅಲೆ ಎಂಜಿನ್ ಕೂರಿಸಿದ ಹಿಂಬದಿ ಹಲಗೆಯ ಮೇಲಿಂದ ಒಳಗೆ ನುಗ್ಗುತ್ತದೆ.

ಇನ್ನೊಂದು ಕ್ಲಿಪ್ ಬೋಟಿನಲ್ಲಿ ಇರಲೇಬೇಕು, ಅದು ಎಲ್ಲಿದೆ ಎಂದು ಜೊತೆಯವರಿಗೂ ಗೊತ್ತಿರಬೇಕು. ಚಾಲಕ ಬಿದ್ದರೆ ಮೊದಲ ಕ್ಲಿಪ್ ಅವನ ಜೊತೆ ಹೋಗಿರುತ್ತದೆ. ಉಳಿದವರು ನ್ಯೂಟ್ರಲ್‌ಗೆ ಹಾಕಿ, ಎರಡನೆಯದನ್ನು ಸಿಕ್ಕಿಸಿ ಸ್ಟಾರ್ಟ್ ಮಾಡಿ ಹೋಗಬೇಕು. ಕ್ಲಿಪ್ಪಿನ ಆಕಾರ ಒಂದೊಂದು ಕಂಪನಿಗೆ ಒಂದೊಂದು ಥರ, ಆ ಎಂಜಿನ್ನಿಗೇ ಹೊಂದುವುದನ್ನು ಕೊಳ್ಳಿ. ನೀರಿನಲ್ಲಿರುವವರನ್ನು ಹತ್ತಿಸಿಕೊಳ್ಳುವಾಗ ನ್ಯೂಟ್ರಲ್ ನಂಬುವುದಿಲ್ಲ, ದಾರ ಎಳೆದೇ ಎಂಜಿನ್ ಆರಿಸುತ್ತೇನೆ.

ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ, 26 ಅಡಿಗಿಂತ ಚಿಕ್ಕ, 3 ಎಚ್‌ಪಿ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್ನಿನ ಬೋಟ್‌ಗಳಲ್ಲಿ ಈ ದಾರ ಕಟ್ಟಿಕೊಳ್ಳುವುದು ಕಡ್ಡಾಯ, ಆದರೆ ನಿಧಾನವಾಗಿ ಹೋಗುವಾಗ ವಿನಾಯಿತಿ ಇದೆ. ಬೊಡ್ಡೆ ತುಂಬಿದ ಕೆರೆಗೆ ಆ ವಿನಾಯಿತಿ ಸಲ್ಲದು. ಗಂಟೆಗೆ 15 ಕಿ.ಮೀ. ಎಂದರೂ ಸೆಕೆಂಡಿಗೆ 4 ಮೀಟರ್.

ಬಿಸಿಲಿಗೆ ದಾರದ ಪ್ಲಾಸ್ಟಿಕ್ ಬಿರಿಯುತ್ತದೆ, ಸುರುಳಿ ಸಡಿಲವಾಗಿ ಕಾಲಡಿ ಜೋತು ಬೀಳುತ್ತದೆ. ಆಗ ಗಂಟು ಹಾಕಿ ಸರಿಮಾಡದೆ ಹೊಸದನ್ನೇ ಹಾಕಿ. ದಡ ಸೇರಿದ ಮೇಲೆ ಕ್ಲಿಪ್ ಬಿಚ್ಚಿ ಮನೆಗೆ ಒಯ್ಯುತ್ತೇನೆ. ದಾರ ಬಿಸಿಲಿಗೆ ಒಣಗುವುದಿಲ್ಲ, ಊರ ಹುಡುಗರಿಗೆ ಎಂಜಿನ್ ಸ್ಟಾರ್ಟ್ ಮಾಡಲೂ ಆಗುವುದಿಲ್ಲ.