ಗೀಸರ್ ಬಿಚ್ಚಿ ಸುಣ್ಣ ತೆಗೆಯುವುದು: ಬೋರ್‌ವೆಲ್ ನೀರಿಗೆ ನಾನು ಅನುಸರಿಸುವ ಕ್ರಮ

ಬೆಂಗಳೂರಿನಲ್ಲಿ ಕಾವೇರಿ ನೀರಷ್ಟೇ ಬರುವ ಮನೆಯ ಗೀಸರನ್ನು ವರ್ಷಗಟ್ಟಲೆ ಮುಟ್ಟದಿದ್ದರೂ ನಡೆಯುತ್ತದೆ. ಸಂಪಿಗೆ ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ಬಿದ್ದರೆ ಲೆಕ್ಕ ಬೇರೆ. ನೀರು ಎಷ್ಟು ಗಡಸು ಎಂದು ತಿಳಿಯಲು ಟಿಡಿಎಸ್ ಮೀಟರ್ ಸಾಲದು. ಕರಗಿದ ಲವಣವನ್ನೆಲ್ಲ ಅದು ಒಟ್ಟಾಗಿ ಅಂದಾಜಿಸುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಎಂದು ಹೇಳುವುದಿಲ್ಲ. ಹನಿ ಎಣಿಸುವ ಹಾರ್ಡ್‌ನೆಸ್ ಕಿಟ್ ತಂದು, ಕೆಂಪು ಬಣ್ಣ ನೀಲಿಗೆ ತಿರುಗುವ ತನಕ ಹನಿ ಹಾಕಿ ನೋಡುತ್ತೇನೆ. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 200 ಮಿ.ಗ್ರಾಂ ಗಡಸುತನ ಒಪ್ಪಬಹುದಾದದ್ದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಅದು ಕುಡಿಯುವವರ ಮಿತಿ, ಗೀಸರಿನದ್ದಲ್ಲ. 300 ದಾಟಿದರೆ ವರ್ಷಕ್ಕೊಮ್ಮೆ, 500 ದಾಟಿದರೆ ಆರು ತಿಂಗಳಿಗೊಮ್ಮೆ ಬಿಚ್ಚುವುದು ನನ್ನ ರೂಢಿ.

ತಣ್ಣೀರಿನಲ್ಲಿ ಕರಗಿ ಕೂತಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾವಿಗೆ ಒಡೆದು ಸುಣ್ಣವಾಗುತ್ತದೆ. ಅತಿ ಬಿಸಿಯಾದ ಜಾಗ ಕಾಯಿಲ್, ಹಾಗಾಗಿ ಮೊದಲು ಹತ್ತುವುದು ಅಲ್ಲೇ. ಸುಣ್ಣ ಹತ್ತಿದರೆ ಕರೆಂಟ್ ಬಿಲ್ ದುಪ್ಪಟ್ಟಾಗುತ್ತದೆ ಎನ್ನುವವರಿದ್ದಾರೆ. ನೀರಿನೊಳಗೇ ಮುಳುಗಿದ ಕಾಯಿಲಿನ ಶಾಖ ಕೊನೆಗೂ ನೀರಿಗೇ ಹೋಗಬೇಕು. ಬಿಲ್ಲಿನ ವ್ಯತ್ಯಾಸ ಅಲ್ಪ. ಕೆಡುವುದು ಕಾಯಿಲ್: ಶಾಖ ಬೇಗ ಬಿಟ್ಟುಕೊಡಲಾಗದೆ ಒಳಗೇ ಕಾದು ಸುಟ್ಟುಹೋಗುತ್ತದೆ. ಥರ್ಮೋಸ್ಟಾಟನ್ನು 75ರಿಂದ 55 ಡಿಗ್ರಿಗೆ ಇಳಿಸಿದರೆ ಸುಣ್ಣ ಕೂರುವುದು ಎಷ್ಟೋ ನಿಧಾನವಾಗುತ್ತದೆ.

ಬಿಚ್ಚುವಾಗ ಸ್ವಿಚ್ ಮಾತ್ರ ಆರಿಸಿದರೆ ಸಾಲದು, ಮೇನ್ ಬೋರ್ಡಿನಲ್ಲಿರುವ ಎಂಸಿಬಿ (ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ ಟೆಸ್ಟರ್ ಹಿಡಿದು ನೋಡಬೇಕು. ನೀರು ತಣಿದ ಮೇಲೆ ಒಳಬರುವ ವಾಲ್ವ್ ಮುಚ್ಚಿ, ಗಾಳಿ ಆಡಲು ಬಿಸಿನೀರಿನ ನಲ್ಲಿ ತೆರೆದು, ತಣ್ಣೀರಿನ ಪೈಪ್ ಕಳಚಿ ಟ್ಯಾಂಕ್ ಖಾಲಿ ಮಾಡುತ್ತೇನೆ. ಕೆಳಗಿನ ಮುಚ್ಚಳ ತೆಗೆದ ಕೂಡಲೇ ವೈರಿಂಗಿನ ಫೋಟೋ. ಆಮೇಲೆ ಥರ್ಮೋಸ್ಟಾಟ್ ಎಳೆದು, ಫ್ಲಾಂಜಿನ, ಅಂದರೆ ಕಾಯಿಲ್ ಕೂತಿರುವ ಲೋಹದ ತಟ್ಟೆಯ, ನಟ್ಟುಗಳನ್ನು ಸಡಿಲಿಸುವುದು. ಹೆಚ್ಚಿನವಕ್ಕೆ 10 ಎಂಎಂ ಬಾಕ್ಸ್ ಸ್ಪ್ಯಾನರ್ ಹಿಡಿಸುತ್ತದೆ. ಅಡಿಯಲ್ಲಿ ಬಕೆಟ್ ಇರಲಿ. ಫ್ಲಾಂಜ್ ಇಳಿಯುವಾಗ ಸುಣ್ಣದ ಚೂರುಗಳು ಸುರಿಯುತ್ತವೆ.

ಕಾಯಿಲನ್ನು ಸ್ಕ್ರೂಡ್ರೈವರಿನಿಂದ ಬಡಿದು ಸುಣ್ಣ ಉದುರಿಸುವುದನ್ನು ಎಷ್ಟೋ ಕಡೆ ನೋಡಬಹುದು. ಹೊರಕವಚ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವ ಹೀರುತ್ತದೆ. ಮರುದಿನ ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗತೊಡಗುತ್ತದೆ. ಬಡಿಯುವ ಬದಲು ನೆನೆಸಬೇಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, 100 ಗ್ರಾಂ. ಉಗುರುಬೆಚ್ಚಗಿನ ನೀರು 2 ಲೀಟರ್. ನೀರು ಕುದಿಯುವಷ್ಟು ಬಿಸಿ ಬೇಡ, ಕ್ಯಾಲ್ಸಿಯಂ ಸಿಟ್ರೇಟ್ ಗಸಿಯಾಗಿ ಮತ್ತೆ ಕೂರುತ್ತದೆ. ನೆನೆಸುವ ಮುಂಚೆ ಆನೋಡ್ ಸರಳನ್ನು (ಟ್ಯಾಂಕಿನ ಬದಲು ತಾನು ಸವೆಯುವ ಸರಳು) ಬಿಚ್ಚಿ ಪಕ್ಕಕ್ಕಿಡಿ. ಅದು ಮೆಗ್ನೀಸಿಯಂ, ಆಸಿಡಿನಲ್ಲಿ ಕರಗುತ್ತದೆ. ಟರ್ಮಿನಲ್‌ಗಳು ನೀರಿನ ಮೇಲೇ ಇರಬೇಕು. ಒಂದೆರಡು ಗಂಟೆ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತರೂ ಸುಣ್ಣ ಉಳಿದಿದ್ದರೆ ಆಸಿಡ್ ಮುಗಿದಿದೆ ಎಂದರ್ಥ, ಹೊಸದಾಗಿ ಕಲಸಿ: 100 ಗ್ರಾಂ ಸಿಟ್ರಿಕ್ ಆಸಿಡ್ ಲೆಕ್ಕಕ್ಕೆ ಕರಗಿಸಬಲ್ಲದ್ದೇ ಸುಮಾರು 75 ಗ್ರಾಂ ಸುಣ್ಣ. ಟಾಯ್ಲೆಟ್ ಕ್ಲೀನರಿನಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಬೇಗ ಕೆಲಸ ಮಾಡುತ್ತದೆ ನಿಜ, ಜೊತೆಗೆ ಸ್ಟೀಲ್ ಭಾಗಗಳನ್ನೂ ತಿನ್ನುತ್ತದೆ.

ಟ್ಯಾಂಕಿನ ಒಳಗೆ ಗಾಜಿನ ಲೇಪವಿದ್ದರೆ ಲೋಹ ತಾಗಿಸಬೇಡಿ. ಕೈಯಿಂದ ಚೂರು ತೆಗೆದು ನೀರು ಹಾಯಿಸಿದರೆ ಸಾಕು. ಆನೋಡ್ ಅರ್ಧಕ್ಕಿಂತ ಸವೆದಿದ್ದರೆ ಅಥವಾ ನಡುವಿನ ತಂತಿ ಕಾಣುತ್ತಿದ್ದರೆ ಬದಲಿಸಲೇಬೇಕು. ಟ್ಯಾಂಕ್ ತುಕ್ಕು ಹಿಡಿದು ಸೋರುವುದು ಬಹಳ ಸಲ ಈ ಒಂದು ಸರಳಿನ ಉಪೇಕ್ಷೆಯಿಂದ. ಕಾಯಿಲ್ ಒಣಗಿದ ಮೇಲೆ ಮಲ್ಟಿಮೀಟರ್ ಹಿಡಿದರೆ 2000 ವ್ಯಾಟಿನದ್ದು ಸುಮಾರು 26 ಓಮ್ ತೋರಿಸಬೇಕು, ಟರ್ಮಿನಲ್ಲಿಗೂ ಕವಚಕ್ಕೂ ನಡುವೆ ಸಂಪರ್ಕವೇ ಇರಬಾರದು. ಗ್ಯಾಸ್ಕೆಟ್ ಹೊಸದೇ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ನಿಂತು ಧಾರೆ ಒಂದೇ ಸಮ ಬಂದ ಮೇಲೆಯೇ ಎಂಸಿಬಿ ಏರಿಸಬೇಕು. ಒಣ ಟ್ಯಾಂಕಿನಲ್ಲಿ ಕಾಯಿಲ್ ನಿಮಿಷಗಳಲ್ಲಿ ಸುಡುತ್ತದೆ. ಸೇಫ್ಟಿ ವಾಲ್ವಿನ ಸನ್ನೆಯನ್ನೂ ಎತ್ತಿ ನೋಡಿ. ನೀರು ಕಾಯುವಾಗ ಅದರಿಂದ ಹನಿ ಬೀಳುವುದು ಸಹಜ, ಅದಕ್ಕೆ ಬಿರಡೆ ಹಾಕುವುದು ಅಪಾಯ.

ವಾಷಿಂಗ್ ಮೆಷಿನ್ ಸುಲಭ. ಫ್ರಂಟ್ ಲೋಡಿನ ಖಾಲಿ ಡ್ರಮ್ಮಿಗೆ 100 ಗ್ರಾಂ ನಿಂಬೆ ಉಪ್ಪು ಹಾಕಿ 60 ಡಿಗ್ರಿಯಲ್ಲಿ ಒಂದು ಸುತ್ತು ಓಡಿಸಿ. ಬ್ಲೀಚಿಂಗ್ ಪೌಡರ್ ಜೊತೆ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ನೀರು ಒಳಬರುವ ಪೈಪಿನ ತುದಿಯ ಜಾಲರಿಯನ್ನೂ ತೊಳೆಯಿರಿ. ನೀರು ನಿಧಾನವಾಗಿ ತುಂಬುವ ದೂರು ಅರ್ಧ ಅಲ್ಲೇ ಮುಗಿಯುತ್ತದೆ.

ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಕೊಳ್ಳುವ ಮುಂಚೆ ಒಂದು ಗುಣಾಕಾರ ಮಾಡಿ. ದಿನಕ್ಕೆ 500 ಲೀಟರ್, ಗಡಸುತನ 400 ಇದ್ದರೆ ದಿನಕ್ಕೆ 200 ಗ್ರಾಂ ಗಡಸು. ಅದರೊಳಗೆ ಗಡಸನ್ನು ಹಿಡಿದಿಡುವ ಸಣ್ಣ ಮಣಿಗಳೇ ರೆಸಿನ್. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತದೆ, ಆದ್ದರಿಂದ 25 ಲೀಟರ್ ರೆಸಿನ್ ಆರು ದಿನಕ್ಕೆ ಬರುತ್ತದೆ. ಬಳಿಕ ಹೆಚ್ಚುಕಡಿಮೆ 4 ಕೆ.ಜಿ. ಉಪ್ಪು ಕೊಟ್ಟು ರೀಜನರೇಟ್ ಮಾಡಬೇಕು, ಅಂದರೆ ಹಿಡಿದ ಗಡಸನ್ನು ತೊಳೆದು ರೆಸಿನ್ನನ್ನು ಮತ್ತೆ ಸಜ್ಜುಗೊಳಿಸಬೇಕು. ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬರುವುದರಿಂದ ಟಿಡಿಎಸ್ ಇಳಿಯುವುದಿಲ್ಲ. ಇಳಿದಿಲ್ಲವೆಂದು ಮಾರಿದವರ ಜೊತೆ ಜಗಳಕ್ಕೆ ಹೋಗಬೇಡಿ, ಹನಿ ಕಿಟ್ಟಿನಲ್ಲೇ ಪರೀಕ್ಷಿಸಿ. ಗಿಡಗಳಿಗೆ ಆ ನೀರು ಒಗ್ಗದು, ಸಾಫ್ಟ್‌ನರಿಗೆ ಮುಂಚೆಯೇ ತೋಟದ ನಲ್ಲಿಗೆ ಬೇರೆ ಲೈನ್ ಎಳೆಸಿ.