ಹಡಗಿನ ಬಿಲ್ಲಿಗೆ ಸೇರುವ ಟಿಪ್ಸು ಯಾರ ಕೈ ಸೇರುತ್ತದೆ: ನನ್ನ ಅನುಭವ

ನಾನು ಆರು ವರ್ಷ ಕ್ರೂಸ್ ಹಡಗುಗಳಲ್ಲಿ ಕ್ಯಾಬಿನ್ ಸ್ಟೀವರ್ಡ್ ಆಗಿದ್ದೆ. ಪ್ರಯಾಣಿಕರ ಕೋಣೆ ಗುಡಿಸಿ ಒರೆಸುವುದು, ಹಾಸಿಗೆ ಸರಿಮಾಡುವುದು, ಬಾತ್‌ರೂಮ್ ತೊಳೆಯುವುದು, ಟವೆಲ್ ಬದಲಿಸುವುದು ನನ್ನ ಕೆಲಸ. ನನ್ನ ಪಾಲಿಗೆ 18 ಕೋಣೆ. ಬೆಳಗ್ಗೆ ಒಂದು ಸುತ್ತು, ಸಂಜೆ ಇನ್ನೊಂದು ಸುತ್ತು. ಒಂದು ಕಾಂಟ್ರ್ಯಾಕ್ಟ್ ಅಂದರೆ ಎಂಟು ತಿಂಗಳು. ಅಷ್ಟೂ ದಿನ ವಾರದ ರಜೆ ಅನ್ನುವುದೇ ಇಲ್ಲ. ಕೆಲಸ ಬಿಟ್ಟ ಮೇಲೆ ಅಪ್ಪ, ಅಮ್ಮ, ಹೆಂಡತಿಯನ್ನು ಕರೆದುಕೊಂಡು ಪ್ರಯಾಣಿಕನಾಗಿಯೇ ಹಡಗು ಹತ್ತಿದೆ. ಟಿಪ್ಸು ತೆಗೆದುಕೊಳ್ಳುತ್ತಿದ್ದವನು ಈಗ ಟಿಪ್ಸು ಕೊಡಬೇಕಿತ್ತು. ಎರಡೂ ಕಡೆ ನಿಂತು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಹಡಗಿನ ಬಿಲ್ಲಿನಲ್ಲಿ 'ಗ್ರಾಚ್ಯುಟಿ' ಅಂತ ಇರುತ್ತದೆ. ನಿವೃತ್ತಿಯಾದಾಗ ಸಿಗುವ ಗ್ರಾಚ್ಯುಟಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಪ್ರತಿ ಪ್ರಯಾಣಿಕನಿಗೆ ದಿನಕ್ಕೆ ಇಷ್ಟು ಅಂತ ತಾನಾಗಿಯೇ ಬಿಲ್ಲಿಗೆ ಸೇರುವ ಟಿಪ್ಸು. ಕೆಲವು ಕಂಪನಿಗಳು ಇದನ್ನೇ 'ಸರ್ವಿಸ್ ಚಾರ್ಜ್' ಅನ್ನುತ್ತವೆ, ಇನ್ನು ಕೆಲವು 'ಕ್ರೂ ಅಪ್ರಿಸಿಯೇಷನ್' ಅನ್ನುತ್ತವೆ. ಹೆಸರು ಯಾವುದಾದರೂ ಹಣ ಅದೇ. 2023ರ ಕೊನೆಯ ಹೊತ್ತಿಗೆ ಸಾಮಾನ್ಯ ಕೋಣೆಯ ಒಬ್ಬರಿಗೆ ದಿನಕ್ಕೆ ಕಾರ್ನಿವಲ್ 16 ಡಾಲರ್, ರಾಯಲ್ ಕೆರಿಬಿಯನ್ 18, ನಾರ್ವೇಜಿಯನ್ 20 ಡಾಲರ್ ಹಾಕುತ್ತಿದ್ದವು. ಸೂಟ್ ಅನ್ನುವ ದೊಡ್ಡ, ದುಬಾರಿ ಕೋಣೆಗಳಿಗೆ ಇನ್ನೂ ಜಾಸ್ತಿ. ಟಿಕೆಟ್ ಕೊಳ್ಳುವಾಗ ಕಾಣುವ ದರದಲ್ಲಿ ಬಹಳ ಸಲ ಇದು ಇರುವುದಿಲ್ಲ. ಜನ ಕೊನೆಯ ದಿನ ಬಿಲ್ ನೋಡಿ ಬೆಚ್ಚಿಬೀಳುವುದು ಅದಕ್ಕೇ.

ನಾನು ಸೇರಿದಾಗ ಇನ್ನೂ ಕವರ್ ಕಾಲ. ಕೊನೆಯ ರಾತ್ರಿ ಪ್ರತಿ ಕೋಣೆಯ ಮೇಜಿನ ಮೇಲೆ ಖಾಲಿ ಕವರ್‌ಗಳನ್ನು ಇಡುತ್ತಿದ್ದೆವು. ಸ್ಟೀವರ್ಡ್‌ಗೆ ಒಂದು, ವೇಟರ್‌ಗೆ ಒಂದು, ಅಸಿಸ್ಟೆಂಟ್ ವೇಟರ್‌ಗೆ ಒಂದು, ಹೆಡ್ ವೇಟರ್‌ಗೆ ಒಂದು. ನಮಗೆ ಬರಬೇಕಾದ ಹಣದ ಕವರನ್ನು ನಾವೇ ಇಟ್ಟು ಬರುವಾಗ ಆಗುವ ಮುಜುಗರ ಅಷ್ಟಿಷ್ಟಲ್ಲ. ಬಾಗಿಲು ತೆರೆದಿದ್ದರೂ ಕಣ್ಣೆತ್ತಿ ನೋಡದೆ ಇಟ್ಟು ಬರುತ್ತಿದ್ದೆ. ಮಾರನೆಯ ಬೆಳಗ್ಗೆ ಕೆಲವು ಕವರ್ ಇಟ್ಟ ಜಾಗದಲ್ಲೇ ಇರುತ್ತಿದ್ದವು, ಇಟ್ಟ ಹಾಗೇ. ಒಂದು ಸಲ ಕವರ್ ತುಂಬಾ ದಪ್ಪ ಇತ್ತು. ಬಿಚ್ಚಿದರೆ ಒಂದು ಮಗು ಬರೆದ ಚಿತ್ರ. ನಾನು ಟವೆಲ್‌ನಲ್ಲಿ ಮಾಡಿಟ್ಟಿದ್ದ ಆನೆ. ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಆದರೆ ಆ ವಾರ ಮನೆಗೆ ಕಳಿಸುವ ಹಣದಲ್ಲಿ ಕಡಿಮೆ ಬಿದ್ದದ್ದೂ ನೆನಪಿದೆ. ಕೊನೆಯ ರಾತ್ರಿ ವೇಟರ್‌ನ ಮುಖ ನೋಡಬೇಕಾಗುತ್ತದೆ ಅಂತ ಊಟದ ಹಾಲ್‌ಗೇ ಬರದ ಜನರೂ ಇದ್ದರು.

ಕವರ್ ಪದ್ಧತಿ ಹೋಗಿದ್ದಕ್ಕೆ ಕಾರಣ ಊಟದ ಮೇಜು. ಹಿಂದೆ ವಾರವಿಡೀ ಒಂದೇ ಹೊತ್ತಿಗೆ, ಒಂದೇ ಮೇಜಿನಲ್ಲಿ, ಒಬ್ಬನೇ ವೇಟರ್ ಬಡಿಸುತ್ತಿದ್ದ. 2000ದಲ್ಲಿ ನಾರ್ವೇಜಿಯನ್ ಕಂಪನಿ ಬೇಕಾದಾಗ ಬೇಕಾದ ಕಡೆ ಊಟ ಮಾಡಿ ಅಂತ ಶುರು ಮಾಡಿತು. ದಿನಕ್ಕೊಬ್ಬ ವೇಟರ್ ಆದರೆ ಕವರ್ ಯಾರಿಗೆ ಕೊಡುವುದು? ಹಾಗಾಗಿ ಟಿಪ್ಸನ್ನು ಬಿಲ್ಲಿಗೇ ಸೇರಿಸುವ ರೂಢಿ ಬಂತು, ಒಂದೊಂದೇ ಕಂಪನಿ ಅದೇ ದಾರಿ ಹಿಡಿಯಿತು. ರಾಯಲ್ ಕೆರಿಬಿಯನ್ ತಾನಾಗಿ ಸೇರಿಸುವ ಪದ್ಧತಿಗೆ ಬಂದದ್ದು 2013ರ ಮಾರ್ಚ್‌ನಲ್ಲಿ. ಆಗ ದಿನಕ್ಕೆ 12 ಡಾಲರ್ ಇತ್ತು.

ಆ ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದೇ ಎಲ್ಲರೂ ನನ್ನನ್ನು ಕೇಳುವ ಮೊದಲ ಪ್ರಶ್ನೆ. ನಾನಿದ್ದ ಹಡಗಿನಲ್ಲಿ ಅದು ಒಂದು ಪೂಲ್‌ಗೆ, ಅಂದರೆ ಎಲ್ಲರ ಟಿಪ್ಸೂ ಒಟ್ಟಿಗೆ ಸೇರುವ ನಿಧಿಗೆ ಹೋಗುತ್ತಿತ್ತು. ಅಲ್ಲಿಂದ ಸ್ಟೀವರ್ಡ್‌ಗಳಿಗೆ, ವೇಟರ್‌ಗಳಿಗೆ, ಜೊತೆಗೆ ಪ್ರಯಾಣಿಕರ ಕಣ್ಣಿಗೆ ಬೀಳದ ಕೆಲವರಿಗೆ ಪಾಲು. ಲಾಂಡ್ರಿಯವರು ಅಂಥವರು. ನೀರಿನ ಮಟ್ಟಕ್ಕಿಂತ ಕೆಳಗಿನ ಡೆಕ್‌ನಲ್ಲಿ ಅವರ ಕೆಲಸ. ಬಿಸಿ ರೋಲರ್‌ನಿಂದ ಹಾಸುಬಟ್ಟೆ ಹೊರಗೆ ಬರುತ್ತದೆ, ಇಬ್ಬರು ಎರಡು ತುದಿ ಹಿಡಿದು ಮಡಚುತ್ತಾರೆ, ಅಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಸೆಖೆ ಹೇಗಿರುತ್ತದೆ ಅಂದರೆ ನಾನು ಟವೆಲ್ ತರಲು ಹೋದ ಐದು ನಿಮಿಷಕ್ಕೇ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಅವರಿಗೆ ಕವರ್ ಕೊಟ್ಟವರು ಯಾರೂ ಇಲ್ಲ. ಪೂಲ್ ಬಂದ ಮೇಲೇ ಅವರಿಗೂ ಒಂದು ಪಾಲು ಸಿಕ್ಕಿದ್ದು.

ಇನ್ನೊಂದು ಮಾತು. ಇದು ಸಂಬಳದ ಮೇಲೆ ಸಿಗುವ ಖುಷಿಯ ಹಣ ಅಲ್ಲ. ನನ್ನ ಮೂಲ ಸಂಬಳ ತೀರಾ ಸಣ್ಣದು. ತಿಂಗಳ ಕೊನೆಗೆ ಕೈಗೆ ಬರುತ್ತಿದ್ದುದರಲ್ಲಿ ದೊಡ್ಡ ಪಾಲು ಗ್ರಾಚ್ಯುಟಿಯದೇ. ಹಡಗಿನ ಕೆಲಸಗಾರರಿಗಾಗಿ 2006ರಲ್ಲಿ ಆದ ಸಾಗರ ಕಾರ್ಮಿಕ ಒಪ್ಪಂದ 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ವಾರಕ್ಕೆ ಇರುವುದು 168 ಗಂಟೆ. ಕಳೆದು ನೋಡಿ, ಎಷ್ಟು ಹೊತ್ತು ದುಡಿಸಬಹುದು ಅಂತ ಗೊತ್ತಾಗುತ್ತದೆ. ಆ ದುಡಿಮೆಗೆ ಸಿಗುವ ಕೂಲಿಯೇ ಟಿಪ್ಸಿನ ಹೆಸರಿನಲ್ಲಿ ಬಿಲ್ಲಿಗೆ ಬರುತ್ತಿರುತ್ತದೆ.

ಅದಕ್ಕೇ ಒಬ್ಬ ಪ್ರಯಾಣಿಕರ ವಿಷಯ ಹೇಳಲೇಬೇಕು. ವಯಸ್ಸಾದವರು, ತುಂಬಾ ಒಳ್ಳೆಯವರು. ವಾರವಿಡೀ ನನ್ನ ಹೆಸರು ಹಿಡಿದೇ ಮಾತಾಡಿಸಿದ್ದರು. ಕೊನೆಯ ಸಂಜೆ ಬಾಗಿಲಲ್ಲಿ ನಿಲ್ಲಿಸಿ ನನ್ನ ಅಂಗೈಯಲ್ಲಿ ಎರಡು 20 ಡಾಲರ್ ನೋಟು ಇಟ್ಟರು.

"ಡೆಸ್ಕ್‌ಗೆ ಹೋಗಿ ಆ ಚಾರ್ಜ್ ಪೂರ್ತಿ ತೆಗೆಸಿಬಿಟ್ಟೆ. ಕಂಪನಿಗೆ ಯಾಕೆ ಕೊಡಬೇಕು? ಇದು ಪೂರ್ತಿ ನಿನಗೇ," ಅಂದರು.

ನಾನು ಥ್ಯಾಂಕ್ಯೂ ಸರ್ ಅಂದೆ. ಬೇರೇನು ಹೇಳಲಿ? ಗಂಡ ಹೆಂಡತಿ ಇಬ್ಬರದು, ಏಳು ದಿನದ್ದು, ದಿನಕ್ಕೆ 12ರಂತೆ 168 ಡಾಲರ್ ಬಿಲ್ಲಿನಿಂದ ಹೋಗಿತ್ತು. ನನ್ನ ಕೈಗೆ ಬಂದದ್ದು 40. ಆ 40 ಕೂಡ ನನ್ನದಲ್ಲ. ಚಾರ್ಜ್ ತೆಗೆಸಿದ ಕೋಣೆಯವರು ಕೈಗೆ ಹಣ ಕೊಟ್ಟರೆ ಅದನ್ನು ಸೂಪರ್‌ವೈಸರ್‌ಗೆ ಒಪ್ಪಿಸಿ ಪೂಲ್‌ಗೆ ಹಾಕಬೇಕು ಅನ್ನುವುದು ಅಲ್ಲಿನ ನಿಯಮ. ಬೇರೆ ಕೆಲವು ಕಂಪನಿಗಳಲ್ಲೂ ಹೀಗೇ ಇದೆ. ಆಫೀಸಿಗೆ ಹೋಗಿ ಆ ಎರಡು ನೋಟನ್ನು ಮೇಜಿನ ಮೇಲಿಟ್ಟು, ಪುಸ್ತಕದಲ್ಲಿ ಕೋಣೆ ನಂಬರ್ ಬರೆದು, ಸಹಿ ಹಾಕಿ ಬಂದೆ. ಅವರು ಮನಸಾರೆ ಕೊಟ್ಟಿದ್ದರು. ನನಗೆ ನೆರವಾದೆ ಅಂತಲೇ ಖುಷಿಯಿಂದ ಇಳಿದು ಹೋಗಿರುತ್ತಾರೆ. ಅವರ ಮೇಲೆ ನನಗೆ ಕೋಪ ಬರಲಿಲ್ಲ, ಇವತ್ತಿಗೂ ಇಲ್ಲ. ಇದನ್ನೆಲ್ಲ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನಾನು ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅಂಥವರಿಗಾಗಿ.

ಇನ್ನು ನಾನು ಪ್ರಯಾಣಿಕನಾಗಿ ಏನು ಮಾಡಿದೆ ಅಂತ ಹೇಳುತ್ತೇನೆ.

ಟಿಕೆಟ್ ಮಾಡಿಸುವಾಗಲೇ ಗ್ರಾಚ್ಯುಟಿ ಕಟ್ಟಿಬಿಟ್ಟೆ. ನಾಲ್ಕು ಜನ, ಏಳು ರಾತ್ರಿ, ದಿನಕ್ಕೆ 18 ಡಾಲರ್. ಒಟ್ಟು 504 ಡಾಲರ್. ದೊಡ್ಡ ಮೊತ್ತವೇ, ಸುಳ್ಳು ಹೇಳುವುದಿಲ್ಲ. ಆದರೆ ಪ್ರಯಾಣದ ಖರ್ಚಿನ ಜೊತೆಗೇ ಹೋದರೆ ಕೊನೆಯ ದಿನ ಎದೆ ಧಸಕ್ ಅನ್ನುವುದಿಲ್ಲ. ಮಧ್ಯೆ ದರ ಏರಿದರೂ ಮೊದಲೇ ಕಟ್ಟಿದವರಿಗೆ ಸಾಮಾನ್ಯವಾಗಿ ಹಳೆಯ ದರವೇ ನಡೆಯುತ್ತದೆ. ಈ ದರ ತಲೆಗೆ ಇಷ್ಟು ಅಂತ, ಕೋಣೆಗೆ ಅಲ್ಲ. ಹಾಗಾಗಿ ಒಂದೇ ಕೋಣೆಯಲ್ಲಿ ನಾಲ್ಕು ಜನ ಇದ್ದರೂ ನಾಲ್ಕೂ ಜನರದು ಬೀಳುತ್ತದೆ. ಮಕ್ಕಳಿಗೂ ಬೀಳುತ್ತದೆ, ತೀರಾ ಎಳೆಯ ಮಕ್ಕಳಿಗೆ ಮಾತ್ರ ಕೆಲವು ಕಂಪನಿಗಳು ಬಿಡುತ್ತವೆ. ಒಬ್ಬರೇ ಹೋಗುವವರು ಕೋಣೆಗೆ ಇಬ್ಬರ ದರ ಕೊಟ್ಟಿದ್ದರೂ ಗ್ರಾಚ್ಯುಟಿ ಒಬ್ಬರದೇ ಕಟ್ಟಿದರೆ ಸಾಕು. ಇದನ್ನು ಬಿಲ್ಲಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಎರಡನೇ ದಿನ ಅಪ್ಪ ಬಾರ್‌ನಲ್ಲಿ ಕುಳಿತು ಒಂದು ಡ್ರಿಂಕ್ ತರಿಸಿಕೊಂಡರು. ವೇಟರ್ ಸ್ಲಿಪ್ ತಂದು ಇಟ್ಟ. ಮೇಲೆ ಡ್ರಿಂಕ್ 12.00. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಗ್ರಾಚ್ಯುಟಿ 18%, 2.16. ಆಮೇಲೆ ಒಟ್ಟು 14.16. ಅದರ ಕೆಳಗೆ ಮತ್ತೆ 'ಹೆಚ್ಚುವರಿ ಟಿಪ್ಸು' ಅಂತ ಒಂದು ಖಾಲಿ ಗೆರೆ, ಸಹಿಗೆ ಇನ್ನೊಂದು ಗೆರೆ. ಅಪ್ಪ ಕನ್ನಡಕ ಮೇಲೆ ಮಾಡಿಕೊಂಡು ಆ ಖಾಲಿ ಗೆರೆಯ ಮೇಲೆ 2 ಅಂತ ಬರೆದೇಬಿಟ್ಟಿದ್ದರು.

"ಅಪ್ಪ, ಟಿಪ್ಸು ಆಗಲೇ ಸೇರಿದೆ, ಮೇಲೆ ನೋಡಿ," ಅಂದೆ.

"ಹಾಗಾದ್ರೆ ಈ ಗೆರೆ ಯಾಕೋ ಇಟ್ಟಿದ್ದಾರೆ?"

ನ್ಯಾಯವಾದ ಪ್ರಶ್ನೆ ಅಲ್ವಾ? ಖಾಲಿ ಗೆರೆ ಕಂಡರೆ ತುಂಬಬೇಕು ಅಂತಲೇ ಅನ್ನಿಸುತ್ತದೆ. ನನ್ನ ಪ್ರಕಾರ ಅದನ್ನು ಹಾಗೆ ಇಡುವುದು ಸರಿಯಲ್ಲ. ಬಾರ್ ಮತ್ತು ಸ್ಪಾ ಬಿಲ್ಲುಗಳಿಗೆ 18ರಿಂದ 20% ಮೊದಲೇ ಸೇರಿರುತ್ತದೆ. ಡ್ರಿಂಕ್ ಪ್ಯಾಕೇಜ್ ಕೊಂಡರೆ ಅದು ಕೊಳ್ಳುವಾಗಲೇ ಹೋಗಿರುತ್ತದೆ. 'ಪ್ಯಾಕೇಜ್ ಉಚಿತ' ಅಂತ ಕೊಟ್ಟಾಗಲೂ ಅದರ ಬೆಲೆಯ ಮೇಲಿನ ಟಿಪ್ಸನ್ನು ಮಾತ್ರ ನಮ್ಮಿಂದಲೇ ವಸೂಲು ಮಾಡುವುದುಂಟು. ಸಹಿ ಹಾಕುವ ಮೊದಲು ಸ್ಲಿಪ್ಪನ್ನು ಮೇಲಿಂದ ಕೆಳಗೆ ಓದಿ. ಖುಷಿಯಿಂದ ಕೊಡುವುದಾದರೆ ಕೊಡಿ, ಗೊತ್ತಿಲ್ಲದೆ ಎರಡು ಸಲ ಕೊಡಬೇಡಿ.

ಕೈಯಲ್ಲಿ ಕೊಡಲು ನಾನು ಒಂದು ಮತ್ತು ಐದು ಡಾಲರ್ ನೋಟುಗಳ ಒಂದು ಸಣ್ಣ ಕಟ್ಟು ಇಟ್ಟುಕೊಂಡಿದ್ದೆ. ಹಡಗಿನಲ್ಲಿ ಎಲ್ಲವೂ ಕಾರ್ಡ್‌ನಲ್ಲೇ ನಡೆಯುವುದರಿಂದ ಚಿಲ್ಲರೆ ಆಮೇಲೆ ಸಿಗುವುದು ಕಷ್ಟ. ನಾಣ್ಯ ಮಾತ್ರ ಕೊಡಬೇಡಿ. ಹಲವು ದೇಶದ ನಾಣ್ಯ ಡಬ್ಬಿ ತುಂಬಾ ಇದ್ದರೂ ನಮಗೆ ಅದನ್ನು ಬದಲಾಯಿಸಿಕೊಡುವವರು ಸಿಗುತ್ತಿರಲಿಲ್ಲ. ರೂಮ್ ಸರ್ವಿಸ್ ತಂದವರಿಗೆ ಎರಡು ಮೂರು ಡಾಲರ್. ಅಮೆರಿಕದ ಬಂದರುಗಳಲ್ಲಿ ಹತ್ತುವ ಮೊದಲು ಪೆಟ್ಟಿಗೆ ತೆಗೆದುಕೊಳ್ಳುವ ಪೋರ್ಟರ್‌ಗಳು ಹಡಗಿನವರಲ್ಲ. ಪೂಲ್‌ನಿಂದ ಅವರಿಗೆ ಏನೂ ಹೋಗುವುದಿಲ್ಲ. ಪೆಟ್ಟಿಗೆಗೆ ಒಂದೆರಡು ಡಾಲರ್ ಕೊಟ್ಟೆ. ದಡದಲ್ಲಿ ಸುತ್ತಾಡಿಸುವ ಗೈಡ್, ಡ್ರೈವರ್ ಕೂಡ ಬೇರೆ ಲೆಕ್ಕ. ಕ್ಯಾಪ್ಟನ್‌ಗೆ, ಆಫೀಸರ್‌ಗಳಿಗೆ ಕೊಡಬೇಡಿ. ಅವರು ತೆಗೆದುಕೊಳ್ಳುವುದೂ ಇಲ್ಲ, ಕೊಡಲು ಹೋದರೆ ಇಬ್ಬರಿಗೂ ಮುಜುಗರ.

ಸೇವೆ ಸರಿಯಿಲ್ಲದಿದ್ದರೆ? ಚಾರ್ಜನ್ನು ಕಡಿಮೆ ಮಾಡಿಸಲು ಬಹಳಷ್ಟು ಹಡಗುಗಳಲ್ಲಿ ಗೆಸ್ಟ್ ಸರ್ವಿಸ್ ಡೆಸ್ಕ್‌ನಲ್ಲಿ ಅವಕಾಶ ಇದೆ. ಕೊನೆಯ ಬೆಳಗ್ಗೆ ಅಲ್ಲಿ ಉದ್ದದ ಸಾಲು ನಿಂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಾನು ಹಾಗೆ ಮಾಡುವುದಿಲ್ಲ. ತೊಂದರೆ ಆದ ದಿನವೇ ಹೇಳುತ್ತೇನೆ. ನಮ್ಮ ಪ್ರಯಾಣದಲ್ಲೂ ಬಾತ್‌ರೂಮ್ ನೀರು ಹೋಗದೆ ನಿಂತಿತ್ತು. ಎರಡನೇ ದಿನ ಹೇಳಿದೆವು, ಮಧ್ಯಾಹ್ನದೊಳಗೆ ಸರಿಯಾಯಿತು. ಪೈಪು ಕಟ್ಟಿಕೊಂಡಿದ್ದಕ್ಕೆ ಲಾಂಡ್ರಿಯವನ ಪಾಲು ಕತ್ತರಿಸಿದರೆ ಯಾರಿಗೆ ಏನು ಬಂತು? ಕೊನೆಯ ದಿನ ಸುಮ್ನೆ ಚಾರ್ಜ್ ತೆಗೆಸಿ ಹೋದರೆ ನಮ್ಮ ತೊಂದರೆಯೂ ಹಾಗೇ ಉಳಿಯುತ್ತದೆ.

ಈ ಪದ್ಧತಿಯೇ ಸರಿ ಅಂತ ನಾನು ಹೇಳುತ್ತಿಲ್ಲ. ಸಂಬಳ ಕೊಡಬೇಕಾದದ್ದು ಕಂಪನಿ. ಟಿಕೆಟ್ ದರ ಕಡಿಮೆ ಕಾಣಲಿ ಅಂತ ಅದನ್ನು ಪ್ರತ್ಯೇಕ ಮಾಡಿ ಪ್ರಯಾಣಿಕನ ಮನಸ್ಸಾಕ್ಷಿಯ ಮೇಲೆ ಹಾಕುವುದು ತಪ್ಪು. ಬೇರೆ ದಾರಿ ಇಲ್ಲ ಅನ್ನುವುದೂ ನಿಜವಲ್ಲ. ಸೀಬರ್ನ್, ಸಿಲ್ವರ್‌ಸೀ, ರೀಜೆಂಟ್‌ನಂಥ ದುಬಾರಿ ಹಡಗುಗಳು ಟಿಪ್ಸನ್ನು ಟಿಕೆಟ್‌ನಲ್ಲೇ ಸೇರಿಸಿಬಿಡುತ್ತವೆ. ದುಬಾರಿಯಲ್ಲದ ಬ್ರಿಟನ್ನಿನ ಪಿ ಅಂಡ್ ಒ ಕ್ರೂಸಸ್ ಕೂಡ 2019ರಲ್ಲಿ ದಿನದ ಚಾರ್ಜನ್ನು ಕೈಬಿಟ್ಟಿತು. ಎಲ್ಲರೂ ಹಾಗೆ ಮಾಡಲಿ ಅನ್ನುವುದು ನನ್ನ ಆಸೆ. ಅದಕ್ಕಾಗಿ ಕಂಪನಿಗೆ ಬರೆಯಿರಿ, ಕೇಳಿ. ಆ ಜಗಳಕ್ಕೆ ಸ್ಟೀವರ್ಡ್‌ನ ತಿಂಗಳ ಹಣವನ್ನು ಅಸ್ತ್ರ ಮಾಡಿಕೊಳ್ಳಬೇಡಿ.

ಹಣಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದಿದೆ. ಪ್ರಯಾಣ ಮುಗಿದ ಮೇಲೆ ಕಂಪನಿ ಅಭಿಪ್ರಾಯ ಕೇಳಿ ಕಳಿಸುವ ಫಾರ್ಮ್‌ನಲ್ಲಿ ಸ್ಟೀವರ್ಡ್‌ನ ಹೆಸರು ಬರೆಯುವುದು. 'ಎಲ್ಲರೂ ಚೆನ್ನಾಗಿ ನೋಡಿಕೊಂಡರು' ಅಂದರೆ ಅದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಹೆಸರು, ಕೋಣೆ ನಂಬರ್, ಅವರು ಮಾಡಿದ ಒಂದು ಕೆಲಸ, ಈ ಮೂರು ಇರಬೇಕು. ನನಗೆ ಅಸಿಸ್ಟೆಂಟ್‌ನಿಂದ ಮುಂದಿನ ಹುದ್ದೆ ಸಿಕ್ಕಾಗ ಸೂಪರ್‌ವೈಸರ್ ಮುಂದಿಟ್ಟದ್ದು ಅಂಥ ಕಾಗದಗಳನ್ನೇ.

ನಮ್ಮ ಕೋಣೆಯ ಸ್ಟೀವರ್ಡ್‌ಗೆ ಬಿಲ್ಲಿನ ಚಾರ್ಜಿನ ಜೊತೆಗೆ ಮೊದಲ ಸಂಜೆ ಹತ್ತು ಡಾಲರ್, ಕೊನೆಯ ಸಂಜೆ ಮೂವತ್ತು ಕೊಟ್ಟೆವು. ಚಾರ್ಜ್ ಬಿಲ್ಲಿನಲ್ಲೇ ಇದ್ದುದರಿಂದ ಆ ನಲವತ್ತು ಪೂರ್ತಿ ಆತನದೇ. ಕೊಡುವುದಿದ್ದರೆ ಕೊನೆಯ ಸಂಜೆಯೇ ಕೊಡಿ, ಬೆಳಗ್ಗೆಗೆ ಇಟ್ಟುಕೊಳ್ಳಬೇಡಿ. ಇಳಿಯುವ ದಿನ ಮಧ್ಯಾಹ್ನದ ಹೊತ್ತಿಗೆ ಹೊಸ ಜನ ಹತ್ತಲು ಶುರು ಮಾಡುತ್ತಾರೆ. ಅಷ್ಟರೊಳಗೆ ಅಷ್ಟೂ ಕೋಣೆ ಸಿದ್ಧವಾಗಬೇಕು. ಅಪ್ಪ ತಾವೇ ಕೊಡುತ್ತೇನೆ ಅಂದರು. ನೋಟು ಮಡಚಿ ಕೈಗಿಟ್ಟು, ಆತನ ಹೆಸರಿನ ಪಟ್ಟಿಯನ್ನು ಹತ್ತಿರದಿಂದ ಓದಿ, ಸ್ಪೆಲಿಂಗ್ ಕೇಳಿಕೊಂಡು ತಮ್ಮ ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ಬೆಳಗ್ಗೆ ನಾವು ಕೈಚೀಲ ಹಿಡಿದು ಹೊರಡುವಾಗ ಆತ ಪಕ್ಕದ ಕೋಣೆಯಲ್ಲಿ ಹಾಸುಬಟ್ಟೆ ಎಳೆಯುತ್ತಿದ್ದ. ಬಾಗಿಲ ಹೊರಗೆ ತೊಳೆಯುವ ಬಟ್ಟೆಯ ಚೀಲ ಅರ್ಧ ತುಂಬಿತ್ತು.